ತಂಪಿಗೆ ಮಣಿದ ಬಿಲ್ಲೆ

ಏಳನೆಯ ಕಂತು

"ಮುಟ್ಟಬೇಡಿ ಅಕ್ಕಾ! ಬೆರಳಿನ ಜಿಡ್ಡು ಹತ್ತಿದ್ರೆ ಅದರ ಕಥೆ ಮುಗೀತು."

ಚಾಚಿದ ಕೈಯನ್ನು ಅಕ್ಕ ಹಿಂದಕ್ಕೆಳೆದುಕೊಂಡಳು. ಗಾಜಿನ ತಟ್ಟೆಯಲ್ಲಿ ಕೂತಿದ್ದ ಆ ಕಪ್ಪು ಬಿಲ್ಲೆ ಅಂಗಿಯ ಗುಂಡಿಗಿಂತ ದೊಡ್ಡದಿರಲಿಲ್ಲ. ಅದರ ಬೆನ್ನ ಮೇಲೆ ಸಾಲಾಗಿ ನಾಲ್ಕು ಬೆಳ್ಳಿಯ ಚುಕ್ಕೆ. ನೆಲಕ್ಕೆ ಬಿದ್ದರೆ ಕಸದ ಜೊತೆ ಗುಡಿಸಿ ಹೋಗಬಹುದಾದ ಈ ಚೂರು ತನ್ನ ತಂಗಿಯ ಬಾಳನ್ನು ಹಿಡಿದು ಅಲ್ಲಾಡಿಸುತ್ತಿದೆ ಎಂದರೆ ನಂಬುವುದು ಕಷ್ಟವಾಗಿತ್ತು.

ಕೂಗಿದವಳು ತಂಗಿಯ ಸಹೋದ್ಯೋಗಿ. ಬಿಲ್ಲೆಗಳ ಮೇಲೆ ಬೆಳ್ಳಿಯ ಲೇಪ ಹಚ್ಚಿ ಕೂದಲೆಳೆಯಂಥ ತಂತಿ ಕೂರಿಸುವುದರಲ್ಲಿ ಅವಳ ಕೈ ಪಳಗಿತ್ತು. ಎಷ್ಟು ತೊಳೆದರೂ ಉಗುರಿನ ಸಂದಿಯ ಮಿನುಗು ಹೋಗದ್ದರಿಂದ ಪ್ರಯೋಗಾಲಯದಲ್ಲಿ ಅವಳು ಎಲ್ಲರಿಗೂ ಬೆಳ್ಳಿಬೆರಳು.

"ಬಾಗಿಲು ಯಾಕೆ ಮುಚ್ಚಿದ್ರಿ?" ಎಂದು ಅವಳು ಕೇಳಿದಳು.

"ಗಾಳಿ ಬೀಸ್ತಿತ್ತು."

"ಇಲ್ಲಿ ಕಿಟಕಿಯೇ ಇಲ್ಲವಲ್ಲ."

ಅಕ್ಕನಿಗೆ ನಗು ಬಂತು. ಸುಳ್ಳು ಹೇಳುವುದರಲ್ಲಿ ತಾನು ಯಾವಾಗಲೂ ಹಿಂದೆ. ಬೇರೆಯವರ ಸುಳ್ಳು ಹಿಡಿಯುವುದೇ ತನ್ನ ಕಸುಬಾದದ್ದು ಒಂದು ವಿಚಿತ್ರ.

ಮೊನ್ನೆ ಹೊರಗಿನಿಂದ ಬಂದ ಪರೀಕ್ಷಕರ ಎದುರಿಗೇ ಈ ಬಿಲ್ಲೆ ಕೈಕೊಟ್ಟಿತ್ತು. ಇವತ್ತು ಸಂಜೆಯ ಸಭೆಯಲ್ಲಿ ತಂಗಿಯನ್ನು ಇಟ್ಟುಕೊಳ್ಳಬೇಕೋ ಹೊರಗಟ್ಟಬೇಕೋ ಎಂದು ತೀರ್ಮಾನವಾಗುವುದಿತ್ತು.

ಈ ಕೋಣೆಗೆ ಬಂದಾಗಿನಿಂದ ಅಕ್ಕ ವಿಷಯವನ್ನು ತನಗೆ ತಾನೇ ಹತ್ತಾರು ಸಲ ಹೇಳಿಕೊಂಡಿದ್ದಳು. ಯಾವುದೋ ಲೋಹದ ಆಕ್ಸೈಡ್ ಪುಡಿ. ಅದಕ್ಕೆ ಚಿಟಿಕೆಯಷ್ಟು ಇನ್ನೊಂದು ಲೋಹದ ಬೆರಕೆ. ಅಚ್ಚಿನಲ್ಲಿ ಒತ್ತಿ ಕುಲುಮೆಯಲ್ಲಿ ಸುಟ್ಟರೆ ಬಿಲ್ಲೆ. ಇಂಥ ಬಿಲ್ಲೆಗಳು ಬಿಸಿಯಾದಾಗ ಕರೆಂಟನ್ನು ಸರಾಗವಾಗಿ ಬಿಡುತ್ತವೆ; ತಣ್ಣಗಾದಷ್ಟೂ ಬಿಗುಮಾನ ಹೆಚ್ಚಿ ಅಡ್ಡಗಟ್ಟುತ್ತವೆ. ಜಗತ್ತಿನಲ್ಲಿ ಇವುಗಳ ಜಾತಿಯ ರೂಢಿ ಇದು. ಆದರೆ ತಂಗಿಯ ಬಿಲ್ಲೆ ಹಾಗಲ್ಲ. ತಂಪು ಮಾಡುತ್ತ ಹೋದರೆ ಒಂದು ಹಂತದವರೆಗೆ ಎಲ್ಲರಂತೆ ಬಿಗಿಯುತ್ತಿತ್ತು. ಆಮೇಲೆ ಇದ್ದಕ್ಕಿದ್ದಂತೆ ಹಟ ಬಿಟ್ಟು ಕರೆಂಟಿಗೆ ದಾರಿ ಕೊಡುತ್ತಿತ್ತು. ಮತ್ತೆ ಬೆಚ್ಚಗೆ ಮಾಡಿದರೆ ಮತ್ತೆ ಹಟ.

ಇದಕ್ಕಾಗಿ ತಂಗಿಗೆ ಹೆಸರು ಬಂದಿತ್ತು. ದೂರದೂರದವರು ಮೆಚ್ಚಿ ಬರೆದಿದ್ದರು. ಪರೀಕ್ಷಕರು ಬಂದ ದಿನ ಮಾತ್ರ ಬಿಲ್ಲೆ ಉಳಿದೆಲ್ಲ ಬಿಲ್ಲೆಗಳಂತೆ ಬಿಗಿಯುತ್ತಲೇ ಹೋಯಿತು. ಎಷ್ಟು ತಂಪು ಮಾಡಿದರೂ ಮಣಿಯಲಿಲ್ಲ.

ಪ್ರಯೋಗಾಲಯದ ಮುಖ್ಯಸ್ಥರು ಅಕ್ಕನನ್ನು ಕರೆಸಿದ್ದು ಆವತ್ತೇ. "ನಿಮ್ಮ ತಂಗಿ ಅನ್ನೋದು ಗೊತ್ತು. ಆದರೂ ನಿಮ್ಮನ್ನೇ ಕರೆದೆ. ಪೊಲೀಸರು ಬಂದರೆ ಊರೆಲ್ಲ ಡಂಗುರ ಆಗುತ್ತೆ," ಎಂದಿದ್ದರು. "ಬಿಲ್ಲೆ ಬದಲಾಗಿದ್ದರೆ ನಿಜವಾದದ್ದನ್ನ ಯಾರಿಗೋ ಕೊಟ್ಟಿದ್ದಾಳೆ. ಬದಲಾಗದೆ ಇದ್ದರೆ ಇಷ್ಟು ವರ್ಷ ನಮ್ಮ ಕಿವಿ ಮೇಲೆ ಹೂವಿಟ್ಟಿದ್ದಾಳೆ. ಎರಡರಲ್ಲಿ ಯಾವುದು ಅಂತ ಹೇಳಿ, ಸಾಕು."

ಕಳ್ಳಿ, ಇಲ್ಲವೇ ಸುಳ್ಳಿ. ಮೂರನೆಯದೊಂದು ಇರಲೇಬೇಕೆಂದು ಅಕ್ಕ ಆವತ್ತಿನಿಂದ ತಡಕಾಡುತ್ತಿದ್ದಳು.

"ಪರೀಕ್ಷಕರು ಬರೋ ಹಿಂದಿನ ಸಂಜೆ ಈ ಕೋಣೆಯಲ್ಲಿ ಒಬ್ಬಳೇ ಇದ್ದದ್ದು ನೀನು," ಎಂದಳು ಅಕ್ಕ, ಸ್ಟೂಲು ಎಳೆದು ಕೂರುತ್ತ. "ತಂತಿ ಕೂರಿಸೋಕೆ ಬಿಲ್ಲೆ ಹೊರಗೆ ತೆಗೆದವಳೂ ನೀನೇ. ಆವತ್ತು ಅದು ಒಬ್ಬರ ಕೈಯಲ್ಲೇ ಇತ್ತು ಅಂದ್ರೆ ನಿನ್ನ ಕೈಯಲ್ಲಿ."

"ಅಂದ್ರೆ ಬದಲಾಯಿಸಿದ್ದು ನಾನು ಅಂತ ತಾನೇ?"

"ನಾನು ಹಾಗೆ ಹೇಳಿಲ್ಲ."

"ಬಾಯಲ್ಲಿ ಹೇಳಿಲ್ಲ. ಮುಖದಲ್ಲಿ ದಪ್ಪಕ್ಷರದಲ್ಲಿ ಬರೆದಿದೆ." ಬೆಳ್ಳಿಬೆರಳು ಗಾಜಿನ ತಟ್ಟೆಯನ್ನು ದೀಪದ ಕೆಳಕ್ಕೆ ಸರಿಸಿದಳು. "ಆ ಭೂತಗಾಜು ಹಿಡ್ಕೊಳ್ಳಿ. ಕೊನೇ ಚುಕ್ಕೆ ನೋಡಿ. ಬಾಲ ಕಾಣ್ತಿದೆಯಾ?"

ಅಕ್ಕ ಬಗ್ಗಿದಳು. ಬಗ್ಗಿದ ಕೂಡಲೇ ಕತ್ತಿನ ಹಿಂದೆ ಕೂದಲು ಚುರ್ರೆಂದು ಎಳೆಯಿತು. ಬೆಳಿಗ್ಗೆಯಿಂದ ಇದೇ ಕಾಟ. ತಂಗಿಯ ಮನೆಯಲ್ಲಿ ತಲೆ ಬಾಚುವಾಗ ತನ್ನ ಜಡೆಯ ರಬ್ಬರು ಪಟ್ಟೆಂದು ಹರಿದಿತ್ತು. ಬಚ್ಚಲ ಗೂಡಿನಲ್ಲಿ ಸಿಕ್ಕಿದ ಇನ್ನೊಂದನ್ನು ಸುತ್ತಿ ಓಡಿ ಬಂದಿದ್ದಳು. ಅದು ಎಲ್ಲೋ ಒಂದೆರಡು ಎಳೆಗಳನ್ನು ಕಚ್ಚಿಕೊಂಡು, ತಲೆ ಅಲುಗಿದಾಗಲೆಲ್ಲ ಕಣ್ಣಲ್ಲಿ ನೀರು ತರಿಸುತ್ತಿತ್ತು.

ಭೂತಗಾಜಿನಡಿ ಬೆಳ್ಳಿಯ ಚುಕ್ಕೆಗಳು ಚಂದ್ರನಂತೆ ಉಬ್ಬಿ ಬಂದವು. ಮೂರು ದುಂಡಗೆ. ನಾಲ್ಕನೆಯದಕ್ಕೆ ಮಾತ್ರ ಗೊದಮೊಟ್ಟೆಯ ಬಾಲದಂಥ ಒಂದು ಎಳೆ.

"ಲೇಪ ಹಚ್ಚುವಾಗ ನನಗೆ ಸೀನು ಬಂದಿತ್ತು," ಎಂದಳು ಬೆಳ್ಳಿಬೆರಳು. "ಈಗ ಗೋಡೆ ನೋಡಿ."

ಗೋಡೆಯ ಮೇಲೆ, ತಂಗಿಗೆ ಹೆಸರು ತಂದ ಆ ಲೇಖನದ ಚಿತ್ರವನ್ನು ದೊಡ್ಡದು ಮಾಡಿ ಅಂಟಿಸಿದ್ದರು. ಕಪ್ಪು ಬಿಲ್ಲೆ, ನಾಲ್ಕು ಚುಕ್ಕೆ. ನಾಲ್ಕನೆಯದಕ್ಕೆ ಬಾಲ. ಬಾಲದ ತುದಿಯ ಕೊಕ್ಕೆಯೂ ಅದೇ ದಿಕ್ಕಿಗೆ.

ಅಕ್ಕ ಗೋಡೆ ನೋಡಿದಳು, ಬಿಲ್ಲೆ ನೋಡಿದಳು, ಮತ್ತೆ ಗೋಡೆ ನೋಡಿದಳು.

"ಇಂಥದ್ದೇ ಇನ್ನೊಂದು ನೀನೇ ಬರೆದಿರಬಹುದಲ್ಲ?"

"ಇನ್ನೊಂದು ಸೀನು ಅದೇ ಥರ ಸೀನೋಕೆ ನಿಮ್ಮ ಕೈಲಿ ಆಗುತ್ತಾ ಅಕ್ಕಾ? ತೋರಿಸಿ ನೋಡೋಣ."

ಬಿಲ್ಲೆ ಬದಲಾಗಿರಲಿಲ್ಲ. ನಾಲ್ಕು ದಿಕ್ಕಿಗೂ ಓಡಾಡಿ ಕಟ್ಟಿದ ಅನುಮಾನವೆಲ್ಲ ಒಂದು ಸೀನಿಗೆ ಹಾರಿಹೋಯಿತು. ತಂಗಿ ಕಳ್ಳಿಯಲ್ಲ ಎಂದು ಎದೆ ಹಗುರಾಗಬೇಕಿತ್ತು. ಹಗುರಾಗುವ ಮೊದಲೇ ಇನ್ನೊಂದು ಕಲ್ಲು ಬಂದು ಕೂತಿತು. ಹಾಗಾದರೆ ಅವಳು...

ಅಕ್ಕ ಆ ಪದವನ್ನು ಮನಸ್ಸಿನೊಳಗೂ ಪೂರ್ತಿ ಮಾಡಲಿಲ್ಲ.

ಅಮ್ಮ ಹಾಸಿಗೆ ಹಿಡಿದ ಮೇಲೆ ತಂಗಿಯನ್ನು ಬೆಳೆಸಿದ್ದು ಅಕ್ಕನೇ. ಶಾಲೆಗೆ ಹೊರಡುವ ಮುಂಚೆ ಎರಡು ಜಡೆ ಹೆಣೆಯುವುದು ದಿನದ ಮೊದಲ ಜಗಳ. ಆ ಹುಡುಗಿ ಒಂದು ಕ್ಷಣ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಹೆಣಿಗೆ ಅರ್ಧಕ್ಕೆ ಬಂದಾಗ "ಅಕ್ಕಾ, ನಿನ್ನೆ ನಿನ್ನ ಪೆನ್ನು ಮುರಿದವಳು ನಾನೇ," ಎಂದು ಒಪ್ಪಿಕೊಳ್ಳುತ್ತಿದ್ದಳು. ಬೆನ್ನು ತಿರುಗಿಸಿ ನಿಂತಾಗ ಮಾತ್ರ ಅವಳಿಂದ ನಿಜ ಹೊರಡುತ್ತಿತ್ತು. ಕೆಲಸಕ್ಕೆ ಸೇರಿದ ವರ್ಷವೇ ಕುಲುಮೆಯ ಹತ್ತಿರ ತೊಡಕಾಗುತ್ತದೆಂದು ಕೂದಲನ್ನು ಕಿವಿಯ ಮೇಲಕ್ಕೆ ಕತ್ತರಿಸಿಕೊಂಡು ಬಂದಳು. ಆಮೇಲೆ ಅಕ್ಕನಿಗೆ ಅವಳ ಬೆನ್ನು ಸಿಗಲೇ ಇಲ್ಲ.

"ನೀರು ಕುಡೀತೀರಾ? ಮುಖ ಒಣಗಿದೆ," ಎಂದಳು ಬೆಳ್ಳಿಬೆರಳು. ದನಿ ಸ್ವಲ್ಪ ಮೆತ್ತಗಾಗಿತ್ತು. ಮೂಲೆಯ ಕುಡಿಯುವ ನೀರಿನ ತಂಪಿನ ಯಂತ್ರದಿಂದ ಸ್ಟೀಲಿನ ಲೋಟ ತುಂಬಿಸಿ ತಂದಿಟ್ಟಳು.

ಅಕ್ಕ ಲೋಟ ಮುಟ್ಟಲಿಲ್ಲ. ಚಿತ್ರದ ಪಕ್ಕದಲ್ಲಿ ಅಂಟಿಸಿದ್ದ, ತಂಪಾದಂತೆ ಬಿಲ್ಲೆ ಎಷ್ಟು ಬಿಗಿಯಿತೆಂದು ತೋರಿಸುವ ಗೆರೆಗಳ ಹಾಳೆಗಳನ್ನು ನೋಡುತ್ತ ನಿಂತಳು. ಪ್ರತಿಯೊಂದರಲ್ಲೂ ಗೆರೆ ಗುಡ್ಡದಂತೆ ಏರಿ, ಆಮೇಲೆ ಪ್ರಪಾತಕ್ಕೆ ಬೀಳುತ್ತಿತ್ತು.

"ಇವೆಲ್ಲ ಬೇರೆ ಬೇರೆ ಬಿಲ್ಲೆಯಾ?"

"ಕೆಲವು ಬೇರೆ. ಈ ಸಾಲಿನ ಮೂರೂ ಇದೇ ಬಿಲ್ಲೆ."

"ಮತ್ತೆ ಈ ಪ್ರಪಾತ ಒಂದರಲ್ಲಿ ಇಲ್ಲಿದೆ, ಒಂದರಲ್ಲಿ ಅಲ್ಲಿದೆ."

"ಬೆರಕೆ ಹೆಚ್ಚುಕಮ್ಮಿಯಾದರೆ ಜಾಗ ಬದಲಾಗುತ್ತೆ ಅಂತ ನಿಮ್ಮ ತಂಗಿ ಬರೆದಿದ್ದಾಳೆ."

"ಅದೇ ಬಿಲ್ಲೆ ಅಂತೀಯ. ಅದರೊಳಗಿನ ಬೆರಕೆ ದಿನಾ ಹೆಚ್ಚುಕಮ್ಮಿಯಾಗುತ್ತಾ?"

ಬೆಳ್ಳಿಬೆರಳು ಉಗುರಿನ ಸಂದಿಯ ಮಿನುಗನ್ನು ಕೆರೆಯತೊಡಗಿದಳು.

"ನಾನು ಕೇಳಿದ್ದು ನಿನ್ನನ್ನ ಕಣಮ್ಮಾ. ನನಗೆ ಇದರ ತಲೆಬುಡ ಗೊತ್ತಿಲ್ಲ. ನಿನಗೆ ಗೊತ್ತು."

"ಸಭೆಗೆ ಹೊತ್ತಾಯ್ತು."

"ಸಭೆಯಲ್ಲಿ ನಿನ್ನ ಗೆಳತಿಯನ್ನ ಸುಳ್ಳಿ ಅಂತ ಹೊರಗೆ ಹಾಕ್ತಾರೆ. ಅಷ್ಟು ಅವಸರವಾ ನಿನಗೆ?"

ಈ ಮಾತು ನಾಟಿತು. ಬೆಳ್ಳಿಬೆರಳು ಮುಖ ತಿರುಗಿಸಿಕೊಂಡಳು. ಅಕ್ಕ ಕೈಗೆ ಸಿಕ್ಕಿದ ಲೋಟ ಎತ್ತಿದಳು. ಎತ್ತಿದ ಲೋಟ ಬೆರಳಿನಿಂದ ಜಾರಲು ನೋಡಿತು. ಹೊರಮೈ ಪೂರ್ತಿ ಒದ್ದೆ. ಮೇಜಿನ ಮೇಲೆ ಅದು ಕೂತಿದ್ದಲ್ಲಿ ನೀರಿನ ಉಂಗುರ.

ಕರವಸ್ತ್ರದಿಂದ ಒರೆಸಿದಳು. ಅವಳು ನೋಡುತ್ತಿದ್ದಂತೆಯೇ ಮತ್ತೆ ಸಣ್ಣ ಸಣ್ಣ ಹನಿ ಮೂಡಿದವು.

ಲೋಟ ಸೋರುತ್ತಿರಲಿಲ್ಲ. ಇದು ಪುಟ್ಟ ಮಗುವಿಗೂ ಗೊತ್ತಿರುವ ವಿಷಯ. ತಣ್ಣನೆಯ ಪಾತ್ರೆಗೆ ಗಾಳಿಯ ತೇವ ಬಂದು ಮೆತ್ತಿಕೊಳ್ಳುತ್ತದೆ. ಹವೆ ಒಣಗಿದ್ದ ದಿನ ತಡವಾಗಿ, ತೇವವಿದ್ದ ದಿನ ಬೇಗ.

ಒಂದು ದಿನ ಇಲ್ಲಿ, ಒಂದು ದಿನ ಅಲ್ಲಿ.

ಅವಳ ಕಣ್ಣು ಗೋಡೆಯ ಪ್ರಪಾತಗಳ ಮೇಲೆ ಹೋಗಿ ನಿಂತಿತು.

"ಬಿಲ್ಲೆ ತಂಪು ಮಾಡ್ತೀರಲ್ಲ," ಎಂದಳು ನಿಧಾನಕ್ಕೆ, "ಅದರ ಮೇಲೂ ಹೀಗೆ ಬೆವರು ಕೂತ್ರೆ ಏನಾಗುತ್ತೆ?"

ಬೆಳ್ಳಿಬೆರಳಿನ ಮುಖ ಹುಳ್ಳಗಾಯಿತು.

"ಕರೆಂಟು ಬಿಲ್ಲೆಯೊಳಗೆ ಹೋಗಬೇಕಿಲ್ಲ, ಅಲ್ವಾ? ಮೇಲಿನ ನೀರಿನಲ್ಲೇ ಚುಕ್ಕೆಯಿಂದ ಚುಕ್ಕೆಗೆ ಹಾಯುತ್ತೆ. ನಿಮ್ಮ ಮೀಟರಿಗೆ ಬಿಲ್ಲೆ ಹಟ ಬಿಟ್ಟ ಹಾಗೆ ಕಾಣುತ್ತೆ."

"ಬೆವರು ಕೂರಲ್ಲ. ಡಬ್ಬಿಯೊಳಗೆ ಒಣ ಗಾಳಿ ತುಂಬಿ ಮುಚ್ಚಿರ್ತೀವಿ," ಎಂದಳು ಅವಳು. ಪಾಠ ಒಪ್ಪಿಸುವವರ ದನಿ.

"ಮುಚ್ಚಳ ಸರಿಯಾಗಿ ಕೂತ್ರೆ."

"ಹ್ಞೂಂ."

"ಕೂರ್ತಿತ್ತಾ?"

ತಂಪಿನ ಯಂತ್ರ ಗುರ್ರೆಂದು ಶುರುವಾಗಿ, ಸ್ವಲ್ಪ ಹೊತ್ತಿನಲ್ಲೇ ನಿಂತಿತು. ಬೆಳ್ಳಿಬೆರಳು ಸ್ಟೂಲಿನ ಮೇಲೆ ಕುಸಿದು ಕೂತಳು.

"ಮುಚ್ಚಳದ ಅಂಚಿನ ತೋಡಿನಲ್ಲಿ ಒಂದು ರಬ್ಬರಿನ ಬಳೆ ಇರುತ್ತೆ," ಎಂದಳು. "ಅದಿದ್ರೇನೇ ಡಬ್ಬಿ ಬಿಗಿ. ಹೋದ ವರ್ಷ ಒಂದಿನ ಒರೆಸುವಾಗ ನೋಡಿದೆ. ಒಂದು ಕಡೆ ಸೀಳು ಬಿಟ್ಟಿತ್ತು. ಇಲಿ ಕಚ್ಚಿದ ಹಾಗೆ. ತಂಪಾದಾಗ ಒಳಗಿನ ಗಾಳಿ ಕುಗ್ಗುತ್ತೆ, ಆ ಸೀಳಿನಿಂದ ಹೊರಗಿನ ಹಸಿಗಾಳಿ ಎಳ್ಕೊಳ್ಳುತ್ತೆ. ನಿಮ್ಮ ತಂಗಿಗೆ ಹೇಳಿದೆ."

"ಅವಳೇನಂದಳು?"

"ನೋಡ್ತೀನಿ ಅಂದಳು."

"ನೋಡಿದಳಾ?"

"ನಾನು ಆಮೇಲೆ ಕೇಳಲಿಲ್ಲ ಅಕ್ಕಾ." ಅವಳ ಕಣ್ಣು ತುಂಬಿತು. "ಕೇಳೋಕೆ ಭಯ ಆಯ್ತು. ಲೇಖನದಲ್ಲಿ ನನ್ನ ಹೆಸರೂ ಇತ್ತಲ್ಲ. ನಮ್ಮಮ್ಮ ಅದನ್ನ ಬೀದಿಯವರಿಗೆಲ್ಲ ತೋರಿಸಿಕೊಂಡು ಬಂದಿದ್ದಳು. ಅರ್ಥ ಒಂದಕ್ಷರ ಆಗಲ್ಲ ಅವಳಿಗೆ. ಮಗಳ ಹೆಸರೊಂದನ್ನ ಬೆರಳಿಟ್ಟು ತೋರಿಸ್ತಿದ್ದಳು. ಸೀಳು ಇಲ್ಲದೆ ಇದ್ರೂ ಬಿಲ್ಲೆ ಹಾಗೇ ಮಾಡಬಹುದು ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಇವತ್ತಿಗೂ ನನಗೆ ಗೊತ್ತಿಲ್ಲ. ಅವಳಿಗೆ ಗೊತ್ತಿತ್ತೋ ಇಲ್ಲವೋ ಅದೂ ಗೊತ್ತಿಲ್ಲ."

ಅಕ್ಕನಿಗೆ ಬೈಯಬೇಕೆನ್ನಿಸಿತು, ತಲೆ ನೇವರಿಸಬೇಕೆಂದೂ ಅನ್ನಿಸಿತು. ಎರಡನ್ನೂ ಮಾಡದೆ ಅಳತೆಯ ಡಬ್ಬಿಯ ಹತ್ತಿರ ಹೋದಳು. ಊಟದ ಡಬ್ಬಿಯಷ್ಟೇ ಗಾತ್ರದ ದಪ್ಪ ಸ್ಟೀಲಿನ ಡಬ್ಬಿ. ಮುಚ್ಚಳ ಎತ್ತಿ ಮಗುಚಿದಳು. ತೋಡಿನಲ್ಲಿ ಕೂತಿದ್ದ ರಬ್ಬರು ಫಳಫಳ ಹೊಳೆಯುತ್ತಿತ್ತು. ಸುತ್ತಲೂ ಬೆರಳಾಡಿಸಿದಳು. ಎಲ್ಲಿಯೂ ಸೀಳಿಲ್ಲ.

"ಇದು ಹೊಸದು."

"ಹೌದು. ಪರೀಕ್ಷಕರು ಬಂದ ದಿನ ಮುಚ್ಚಳ ಹಾಕುವಾಗ ನೋಡಿದೆ. ಬಾಯಿ ಬಿಡೋಕೆ ಆಗಲಿಲ್ಲ. ಎಲ್ಲರೂ ಸುತ್ತ ನಿಂತಿದ್ದರು."

"ಯಾರು ಹಾಕಿದ್ದು?"

"ನಾನಲ್ಲ. ಅಷ್ಟು ಧೈರ್ಯ ಇದ್ದಿದ್ರೆ ಹೋದ ವರ್ಷವೇ ಹಾಕ್ತಿದ್ದೆ."

ಅಂದರೆ ಎಲ್ಲರೂ ಬಿಲ್ಲೆಯ ಹಿಂದೆ ಬಿದ್ದಿದ್ದಾಗ ಬದಲಾದದ್ದು ಮುಚ್ಚಳದ ರಬ್ಬರು; ಹಸಿಗಾಳಿ ನುಗ್ಗದೆ ಬಿಲ್ಲೆ ಮಣಿಯಲಿಲ್ಲ. ಹೊಸದನ್ನು ಹಾಕಿದವರಿಗೆ ಏನಾಗುತ್ತದೆಂದು ಗೊತ್ತಿತ್ತು. ಅಷ್ಟು ಜನರ ಎದುರು ತಂಗಿಯ ಹೆಸರು ಮಣ್ಣುಪಾಲಾಗಲಿ ಎಂದು ಕಾದು ಕೂತ ವೈರಿ ಯಾರೋ ಇದ್ದಾರೆ. ಮುಖ್ಯಸ್ಥರೇ? ಈ ಕೋಣೆಯ ಇನ್ನೊಂದು ಬೀಗದ ಕೈ ಇರುವುದು ಅವರ ಹತ್ತಿರ. ಆದರೆ ತಂಗಿಯ ಹೆಸರು ಮುಳುಗಿದರೆ ಅವರದ್ದೂ ಮುಳುಗುತ್ತದೆ. ತಮ್ಮ ಮನೆಗೆ ತಾವೇ ಯಾರು ಕೊಳ್ಳಿ ಇಡುತ್ತಾರೆ?

ಯೋಚನೆ ಗಂಟು ಗಂಟಾಗಿ ತೊಡರಿಕೊಂಡಿತು. ಒಂದು ಎಳೆ ಎಳೆದರೆ ಇನ್ನೊಂದು ಬಿಗಿಯುತ್ತಿತ್ತು.

"ಹಳೇ ರಬ್ಬರು ಎಲ್ಲಿ?"

"ಕಸದ ಬುಟ್ಟಿ, ಡ್ರಾಯರು, ಎಲ್ಲ ಹುಡುಕಿದೆ. ಇಲ್ಲ. ತೆಗೆದವರೇ ತಗೊಂಡು ಹೋಗಿರಬೇಕು."

"ನೋಡಿದ್ರೆ ಗುರುತು ಸಿಗುತ್ತಾ?"

"ಯಾಕಿಲ್ಲ? ಮಕ್ಕಳ ಬಳೆಯಷ್ಟು ಅಗಲ. ಮಾಸಲು ಕಪ್ಪು. ನಾವು ಬಿಳೀ ಗ್ರೀಸು ಹಚ್ತಿದ್ವಿ, ಎಷ್ಟು ಒರೆಸಿದ್ರೂ ಅದರ ಜಿಡ್ಡು ಹೋಗಲ್ಲ. ಮತ್ತೆ ಆ ಸೀಳು. ಏನು ಸಿಕ್ಕಿದ್ರೂ ಕಚ್ಚಿಕೊಳ್ಳೋದು. ಒರೆಸೋ ಬಟ್ಟೆಯ ದಾರವೆಲ್ಲ ಅದರೊಳಗೆ."

ಅಕ್ಕ ಕತ್ತು ಹೊರಳಿಸಿದಳು. ಕೂದಲು ಚುರ್ರೆಂದಿತು.

ಕೈ ತಾನಾಗಿ ಬೆನ್ನ ಹಿಂದೆ ಹೋಯಿತು. ಜಡೆಯ ತುದಿ ಸಿಕ್ಕಿತು. ರಬ್ಬರಿನ ಸುತ್ತುಗಳ ಮೇಲೆ ಹೆಬ್ಬೆರಳು ಸರಿಯುತ್ತ, ಒಂದು ಕಡೆ ತಡೆಯಿತು. ಅಲ್ಲೊಂದು ಸಣ್ಣ ಬಾಯಿ. ಬಾಯಿಯ ತುಂಬ ಅವಳದೇ ಕೂದಲು. ಕೈ ಮುಂದಕ್ಕೆ ತಂದು ಬೆರಳುಗಳನ್ನು ಉಜ್ಜಿದಳು. ಎಣ್ಣೆಯಲ್ಲ. ತೆಳ್ಳಗೆ, ಬೆಳ್ಳಗೆ.

ಕಿವಿಯ ಮೇಲಕ್ಕೆ ಕೂದಲು ಕತ್ತರಿಸಿಕೊಂಡವಳ ಬಚ್ಚಲುಮನೆಯಲ್ಲಿ ಜಡೆಗೆ ಹಾಕುವ ರಬ್ಬರು ಎಲ್ಲಿಂದ ಬಂತು? ಊರವರ ಮನೆಯಲ್ಲಾದರೆ ಈ ಪ್ರಶ್ನೆ ಹೊಸಿಲು ದಾಟುವ ಮೊದಲೇ ಅವಳಿಗೆ ಹೊಳೆಯುತ್ತಿತ್ತು. ತಂಗಿಯ ಮನೆಯಲ್ಲಿ ಅವಳು ಪತ್ತೇದಾರಳಲ್ಲ, ಬರೀ ಅಕ್ಕ.

"ಏನಾಯ್ತು?" ಬೆಳ್ಳಿಬೆರಳು ಎದ್ದು ನಿಂತಳು.

"ಏನಿಲ್ಲ. ಕತ್ತು ಉಳುಕಿದ ಹಾಗಾಯ್ತು."

ವೈರಿಯಿಲ್ಲ. ತಂಗಿ ತಾನೇ ತನ್ನ ಬಿಲ್ಲೆಯ ಸೊಕ್ಕು ಮುರಿದಿದ್ದಾಳೆ. ಯಾಕೆ? ಇಷ್ಟು ದಿನ ಗೊತ್ತಿದ್ದೂ ಮುಚ್ಚಿಟ್ಟು, ಕೊನೆಗೆ ತಡೆಯಲಾರದೆ ನಿಜ ತಾನಾಗಿ ಹೊರಬರಲಿ ಎಂದು ಬಿಟ್ಟುಕೊಟ್ಟಳೇ? ಅಥವಾ ಆ ದಿನವೇ ಮೊದಲ ಸಲ ಪರೀಕ್ಷಿಸಿ ನೋಡುವ ಹಟಕ್ಕೆ ಬಿದ್ದಳೇ? ನಿಜ ಬೇಕಿದ್ದವಳು ಹಳೆಯ ರಬ್ಬರನ್ನು ಮನೆಗೆ ಯಾಕೆ ಒಯ್ದಳು? ಬಚ್ಚಿಡಬೇಕಿದ್ದವಳು ಅಷ್ಟು ಕಾಣುವಂತೆ ಸೋಪಿನ ಪಕ್ಕ ಯಾಕೆ ಇಟ್ಟಳು? ಅಕ್ಕನ ಕಣ್ಣಿಗೆ ಬೀಳಲಿ ಎಂದೇ? ನಿನ್ನೆ ಊಟಕ್ಕೆ ಕೂತಾಗ ಏನೋ ಹೇಳಲು ಬಾಯಿ ತೆರೆದು, "ಉಪ್ಪು ಸಾಕಾ?" ಎಂದು ಕೇಳಿ ಸುಮ್ಮನಾಗಿದ್ದಳು.

ಬಾಗಿಲು ತೆರೆಯಿತು. ಮುಖ್ಯಸ್ಥರು ಒಳಗೆ ಬಂದರು. ಅವರ ಹಿಂದೆ ತಂಗಿ, ಬಿಳಿಯ ಕೋಟಿನ ಗುಂಡಿಗಳನ್ನು ಏರುಪೇರಾಗಿ ಹಾಕಿಕೊಂಡು. ಬೆಳಿಗ್ಗೆ ಅಕ್ಕ ಏಳುವ ಮೊದಲೇ ಮನೆ ಬಿಟ್ಟಿದ್ದವಳನ್ನು ಅವಳು ಇವತ್ತು ನೋಡಿದ್ದು ಈಗಲೇ.

"ಎಲ್ಲರೂ ಬಂದು ಕೂತಿದ್ದಾರೆ," ಎಂದರು ಮುಖ್ಯಸ್ಥರು. "ಹೋಗೋಣ್ವಾ?"

ಅಕ್ಕ ಮುಚ್ಚಳವನ್ನು ಡಬ್ಬಿಯ ಮೇಲಿಡಲು ತಿರುಗಿದಳು. ತಿರುಗಿದ ಮೇಲೆಯೇ ಹೊಳೆದದ್ದು, ತನ್ನ ಬೆನ್ನು ಈಗ ಬಾಗಿಲ ಕಡೆಗಿದೆ ಎಂದು.

ಹಿಂದೆ ಬರುತ್ತಿದ್ದ ಹೆಜ್ಜೆಯೊಂದು ತಟ್ಟನೆ ನಿಂತಿತು.

"ಅಕ್ಕಾ," ತಂಗಿಯ ದನಿ. "ಜಡೆ ಸಡಿಲ ಆಗಿದೆ. ಹೀಗೇನಾ ಅಷ್ಟು ಜನರ ಮುಂದೆ ಬರೋದು? ನಿಲ್ಲು, ಹಾಕ್ತೀನಿ."

"ಈಗಲಾ?" ಮುಖ್ಯಸ್ಥರು ಗಡಿಯಾರ ನೋಡಿಕೊಂಡರು. "ಈ ಹೆಂಗಸರ..." ಎಂದು ಶುರುಮಾಡಿ, ಬೆಳ್ಳಿಬೆರಳಿನ ನೋಟಕ್ಕೆ ಅರ್ಧದಲ್ಲೇ ನಿಲ್ಲಿಸಿದರು.

ತಂಗಿ ಹತ್ತಿರ ಬಂದಳು. ಅವಳ ಬೆರಳು ಜಡೆಯ ತುದಿಯನ್ನು ಹಿಡಿದವು. ಕುಲುಮೆಯ ಕೆಲಸದಿಂದ ಒರಟಾದ ಬೆರಳು, ಆದರೂ ಮೆಲ್ಲಗೆ, ಒಂದು ಕೂದಲೂ ಕೀಳದ ಹಾಗೆ ರಬ್ಬರಿನ ಸುತ್ತು ಬಿಡಿಸತೊಡಗಿದವು. ಸೀಳು ಎಲ್ಲಿದೆಯೆಂದು ಹುಡುಕಬೇಕಾಗಲಿಲ್ಲ ಆ ಬೆರಳುಗಳಿಗೆ. ನೇರ ಅಲ್ಲಿಗೇ ಹೋಗಿ ಕಚ್ಚಿಕೊಂಡ ಎಳೆಗಳನ್ನು ಒಂದೊಂದಾಗಿ ಬಿಡಿಸಿದವು.

ಒಂದು ಸುತ್ತು ಬಿಚ್ಚಿತು.

ಇನ್ನೊಂದು ಬಿಚ್ಚಿದರೆ ರಬ್ಬರು ಅವಳ ಮುಷ್ಟಿಗೆ. ಮುಷ್ಟಿಯಿಂದ ಕೋಟಿನ ಜೇಬಿಗೆ. ಆಮೇಲೆ ಲೋಕದಲ್ಲಿ ಯಾರಿಗೂ ಏನೂ ಸಿಗುವುದಿಲ್ಲ. ಅಕ್ಕ ಸುಮ್ಮನೆ ನಿಂತರೆ ಸಾಕು. ಬೆನ್ನು ತಿರುಗಿಸಿ, ಎಷ್ಟೋ ವರ್ಷ ತಂಗಿ ನಿಂತ ಹಾಗೆ. ಅವಳ ಕೂದಲಿಗೆ ತಂಗಿಯ ಬಿಸಿಯುಸಿರು ತಾಗುತ್ತಿತ್ತು. ಏನಾದರೂ ಹೇಳುತ್ತಾಳೆಯೇ ಎಂದು ಅಕ್ಕ ಕಿವಿಗೊಟ್ಟಳು. ಉಸಿರು ಬಿಟ್ಟರೆ ಬೇರೇನೂ ಕೇಳಿಸಲಿಲ್ಲ.

"ಒಂದೇ ಮಾತು ಹೇಳಿಬಿಡಿ," ಎಂದರು ಮುಖ್ಯಸ್ಥರು. "ನೀವು ಹುಡುಕ್ತಿದ್ದದ್ದು ಸಿಕ್ಕಿತಾ, ಇಲ್ವಾ?"

ಮೇಜಿನ ಮೇಲೆ ಲೋಟ ಇನ್ನೂ ಬೆವರುತ್ತಿತ್ತು. ಬೆಳ್ಳಿಬೆರಳಿನ ಕಣ್ಣು ನಿಧಾನವಾಗಿ ಅಕ್ಕನ ಮುಖದಿಂದ ಸರಿದು, ಅವಳ ಬೆನ್ನ ಹಿಂದೆ ಚಲಿಸುತ್ತಿದ್ದ ಕೈಗಳ ಮೇಲೆ ಬಂದು ನಿಂತಿತು.

"ಸಿಕ್ಕಿದೆ," ಎಂದಳು ಅಕ್ಕ.

ಜಡೆಯ ಮೇಲಿನ ಕೈಗಳು ನಿಂತವು.